ತಾಯಿ ತೋರಿಸದವರ ಹತ್ತಿರ ನಾಯಿಮರಿ ತರಬೇಡಿ

ಬಾಗಲಕೋಟೆ ಕಡೆ ಮುಧೋಳ ನಾಯಿಮರಿ ಹುಡುಕುತ್ತಿರುವವರು ದುಡ್ಡು ಕಳಿಸುವ ಮುಂಚೆ ಇದನ್ನೊಮ್ಮೆ ಓದಿ. ಕಳೆದ ಚಳಿಗಾಲದಲ್ಲಿ ನಾವು ತಂದ ಮರಿ ನಮ್ಮ ಮನೆಯಲ್ಲಿ ಇದ್ದದ್ದು ಐದೇ ದಿನ.

ನಮ್ಮದು ನವನಗರ. ಮುಧೋಳ ಇಲ್ಲಿಂದ ಒಂದೂವರೆ ತಾಸಿನ ದಾರಿ. ನಮ್ಮ ಜಿಲ್ಲೆಯದೇ ತಳಿ ಇರುವಾಗ ಬೇರೆ ನಾಯಿ ಯಾಕೆ ಅಂತ ಮಗಳು ಹಟ ಹಿಡಿದಿದ್ದಳು. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ನಾಯಿ ಇದು. ಸೇನೆಗೂ ಸೇರಿದೆ. 2020ರಲ್ಲಿ ಪ್ರಧಾನಿ ರೇಡಿಯೊದಲ್ಲಿ ಇದರ ಹೆಸರು ಹೇಳಿದ ಮೇಲಂತೂ ಕೇಳುವವರು ಜಾಸ್ತಿಯಾದರು. ಕೇಳುವವರು ಜಾಸ್ತಿಯಾದ ಕಡೆ ದಲ್ಲಾಳಿಗಳೂ ಹುಟ್ಟುತ್ತಾರೆ ಅಲ್ವಾ?

ನಮಗೆ ಸಿಕ್ಕವನು ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದ. ಕಂದು ಬಣ್ಣದ ಹೆಣ್ಣುಮರಿ, ಮುಂದಿನ ಎಡಗಾಲಿನ ಬೆರಳು ಬೆಳ್ಳಗೆ, ಸಗಣಿ ಸಾರಿಸಿದ ಅಂಗಳದಲ್ಲಿ ಓಡುತ್ತಿತ್ತು. 50 ದಿನದ ಮರಿ, ಎರಡು ಲಸಿಕೆ ಆಗಿವೆ, ಒಂಬತ್ತು ಸಾವಿರ ಅಂದ. ತಾಯಿಯನ್ನು ನೋಡಬಹುದಾ ಅಂತ ನಾನು ಕೇಳಿದ್ದೆ. ಅಷ್ಟು ಬುದ್ಧಿ ಇತ್ತು. "ತಾಯಿ ತೋಟದ ಮನ್ಯಾಗ ಐತ್ರಿ, ಹೊಸಬರನ್ನ ಕಂಡ್ರ ಮೈಮ್ಯಾಲೆ ಬರ್ತೈತಿ. ನೀವ್ಯಾಕ ಇಷ್ಟು ದೂರ ಬರ್ತೀರಿ? ಗದ್ದನಕೇರಿ ಕ್ರಾಸಿಗೆ ನಾನೇ ತಂದು ಕೊಡ್ತೀನಿ" ಅಂದ. ಎಷ್ಟು ಒಳ್ಳೆಯವನು ಅಂದುಕೊಂಡೆ. ಕಬ್ಬಿನ ಸೀಜನ್ ಬೇರೆ. ಟ್ರ್ಯಾಕ್ಟರ್‌ಗಳ ಹಿಂದೆ ತೆವಳುತ್ತಾ ಲೋಕಾಪುರ ದಾಟುವುದು ತಪ್ಪಿತಲ್ಲ ಅಂತ ಖುಷಿಯೇ ಆಯಿತು.

ಭಾನುವಾರ ಕ್ರಾಸಿನಲ್ಲಿ ಬೈಕಿನ ಹಿಂದೆ ಬಿಸ್ಕಿಟ್ ರಟ್ಟಿನ ಡಬ್ಬಿ ಕಟ್ಟಿಕೊಂಡು ಬಂದಿದ್ದ. ಒಳಗೆ ನಾಲ್ಕು ಮರಿ. ನಮ್ಮದನ್ನು ಎತ್ತಿ ಕೊಟ್ಟ. ಜೊತೆಗೆ ಒಂದು ಲಸಿಕೆ ಕಾರ್ಡು. ಫೋನ್‌ಪೇ ಮಾಡಿದೆ. ಐದು ನಿಮಿಷವೂ ಹಿಡಿಯಲಿಲ್ಲ. ಕಾಲು ಉದ್ದ ಅಂತ ಮಗಳು ದಾರಿಯಲ್ಲೇ ಜಿಂಕಿ ಅಂತ ಹೆಸರಿಟ್ಟಳು.

ಮನೆಗೆ ಬಂದಾಗ ಅಪ್ಪ ಕೇಳಿದ್ದು ಒಂದೇ ಮಾತು. "ಹಲ್ಲು ನೋಡಿದೇನು?" ಅಪ್ಪ ಬನಶಂಕರಿ ಜಾತ್ರೆಯಲ್ಲಿ ಎತ್ತು ಕೊಂಡವರು. ಬಾಯಿ ತೆರೆಸಿ ಹಲ್ಲು ಎಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ರೇಟು ಮಾತಾಡುತ್ತಿದ್ದರು. ನಾಯಿಮರಿಗೆ ಎಂಥ ಹಲ್ಲು ಅಂತ ನಾವು ನಕ್ಕೆವು.

ಸೋಮವಾರ ಜಿಂಕಿ ಸ್ವಲ್ಪ ಆಡಿತು, ಜಾಸ್ತಿ ಮಲಗಿತು. ಹೊಸ ಜಾಗ, ಹೊಂದಿಕೊಳ್ಳಲಿ ಅಂತ ಸುಮ್ನಿದ್ದೆವು. ಮಂಗಳವಾರ ಸಂಜೆ ವಾಂತಿ ಶುರು. ಹಳದಿ ನೊರೆ. ಮಾರಿದವನಿಗೆ ಫೋನ್ ಮಾಡಿದರೆ, "ಜಂತು ಆಗಿರ್ತಾವ್ರಿ. ಒಂದು ಗುಳಿಗಿ ಹಾಕ್ರಿ, ಮೊಸರನ್ನ ತಿನಸ್ರಿ" ಅಂದ. ಹಾಗೇ ಮಾಡಿದೆವು. ನಾವು ಮಾಡಿದ ದೊಡ್ಡ ತಪ್ಪು ಇದು. ವಾಂತಿ ಮಾಡುತ್ತಿರುವ ಮರಿಗೆ ಬಲವಂತವಾಗಿ ಅನ್ನ ತುರುಕಿದ್ದು ಒಂದು, ಇಡೀ ರಾತ್ರಿ ಕಳೆದದ್ದು ಇನ್ನೊಂದು. ಇಷ್ಟು ಸಣ್ಣ ಮರಿಗೆ ಒಂದು ರಾತ್ರಿಯ ನೀರು ಕಳೆದುಹೋದರೆ ಜೀವಕ್ಕೇ ಬರುತ್ತದೆ. ಎರಡನೇ ಸಲ ವಾಂತಿಯಾದಾಗಲೇ ಡಾಕ್ಟರ ಹತ್ತಿರ ಓಡಬೇಕಿತ್ತು.

ಬುಧವಾರ ಬೆಳಿಗ್ಗೆ ಭೇದಿಯಲ್ಲಿ ರಕ್ತ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಮರೆಯುವುದಿಲ್ಲ. ಮರಿ ಸುತ್ತಿಕೊಂಡು ಹೋದ ಟವೆಲ್ ಎಷ್ಟು ಒಗೆದರೂ ಹೋಗದೆ ಕೊನೆಗೆ ಸುಟ್ಟೆವು. ಡಾಕ್ಟರು ಹತ್ತಿಯ ಕಡ್ಡಿಯಿಂದ ಮಾದರಿ ತೆಗೆದು ಸಣ್ಣ ಕಿಟ್‌ಗೆ ಹಾಕಿದರು. ಹತ್ತು ನಿಮಿಷದಲ್ಲಿ ಎರಡು ಗೆರೆ ಮೂಡಿದವು. ಪಾರ್ವೊ, ಅಂದರೆ ನಾಯಿಮರಿಗಳ ಕರುಳಿಗೆ ಬಡಿಯುವ ವೈರಸ್ ರೋಗ. ನಂತರ ಬೆರಳಿನಿಂದ ತುಟಿ ಎತ್ತಿ ವಸಡು ತೋರಿಸಿದರು. ಬಿಳಿಚಿಕೊಂಡಿತ್ತು. "ಹಿಂದಿನ ಹಲ್ಲು ಇನ್ನೂ ಪೂರ್ತಿ ಬಂದೇ ಇಲ್ಲ ನೋಡಿ. 50 ದಿನ ಎಲ್ಲಿಂದ? ಐದು ವಾರ ಆಗಿದ್ದರೆ ಹೆಚ್ಚು" ಅಂದರು. ಅಪ್ಪ ನನ್ನ ಹಿಂದೆಯೇ ನಿಂತಿದ್ದರು. ಏನೂ ಮಾತಾಡಲಿಲ್ಲ.

ಕಾರ್ಡು ಕೊಟ್ಟೆ. ಡಾಕ್ಟರು ಅದನ್ನು ತಿರುಗಿಸಿ ನೋಡಿ ನನ್ನ ಕೈಗೇ ವಾಪಸ್ ಇಟ್ಟರು. ಎರಡು ತಾರೀಖು, ಒಂದೇ ಪೆನ್ನು, ಹಾವು ಹರಿದಂಥ ಸಹಿ. ಲಸಿಕೆ ಬಾಟಲಿಯ ಬ್ಯಾಚ್ ನಂಬರ್ ಇರುವ ಸ್ಟಿಕ್ಕರ್ ಅಂಟಿಸುವ ಜಾಗ ಖಾಲಿ. ಡಾಕ್ಟರ ಹೆಸರಿಲ್ಲ, ನೋಂದಣಿ ಸಂಖ್ಯೆ ಇಲ್ಲ. ಮೊದಲ ಲಸಿಕೆ ಹಾಕುವುದೇ ಆರರಿಂದ ಎಂಟು ವಾರಕ್ಕೆ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೈಯಲ್ಲಿ ಇರುವವರೆಗೆ ಲಸಿಕೆ ಸರಿಯಾಗಿ ನಾಟುವುದಿಲ್ಲವಂತೆ. ಅದು ಯಾವಾಗ ಇಳಿಯುತ್ತದೆ ಅಂತ ಒಂದೊಂದು ಮರಿಗೆ ಒಂದೊಂದು ಲೆಕ್ಕ. ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ, 16 ವಾರ ಆಗುವವರೆಗೆ ಮತ್ತೆ ಮತ್ತೆ ಹಾಕಬೇಕು. ಐದು ವಾರದ ಮರಿಗೆ ಎರಡು ಲಸಿಕೆ ಆಗಿವೆ ಅಂದರೆ ಅದು ಸುಳ್ಳೇ.

ರೋಗ ನಮ್ಮ ಮನೆಯಲ್ಲಿ ಹತ್ತಿದ್ದೂ ಅಲ್ಲ. ವೈರಸ್ ಒಳಗೆ ಹೋಗಿ ಲಕ್ಷಣ ಕಾಣಲು ಸಾಮಾನ್ಯವಾಗಿ ಮೂರರಿಂದ ಏಳು ದಿನ ಬೇಕು. ಜಿಂಕಿ ಬಂದು ಎರಡೇ ದಿನಕ್ಕೆ ಮಲಗಿತ್ತು. ಆ ರಟ್ಟಿನ ಡಬ್ಬಿಯಲ್ಲಿ ಇನ್ನೂ ಮೂರು ಮರಿ ಇದ್ದವು. ಅವುಗಳನ್ನು ಕೊಂಡವರು ಯಾರೋ.

ಪಾರ್ವೊ ವೈರಸ್ ಮೇಲೆ ಮಾತ್ರೆ ಹಾಕಿ ಗುಣಪಡಿಸುವ ಮಾತಿಲ್ಲ. ಡ್ರಿಪ್ ಹಾಕಿ ನೀರಿನ ಅಂಶ ಕಾಯಬೇಕು, ವಾಂತಿ ನಿಲ್ಲಿಸಬೇಕು, ಬೇರೆ ಸೋಂಕು ಸೇರದ ಹಾಗೆ ಆಂಟಿಬಯೋಟಿಕ್ ಕೊಡಬೇಕು, ಮೈ ಬೆಚ್ಚಗಿಡಬೇಕು. ಬೇಗ ಶುರು ಮಾಡಿದರೆ ಎಷ್ಟೋ ಮರಿಗಳು ಉಳಿಯುತ್ತವೆ. ನನ್ನ ಹೆಬ್ಬೆರಳಿಗಿಂತ ಸಣ್ಣ ಕಾಲು. ಅದರ ಕೂದಲು ಬೋಳಿಸಿ ಸೂಜಿ ಚುಚ್ಚಿ ಸುತ್ತಿದ ಟೇಪೇ ಕಾಲಿಗಿಂತ ದಪ್ಪ. ಗುರುವಾರ ಒಮ್ಮೆ ತಲೆ ಎತ್ತಿ ಮಗಳ ಬೆರಳು ನೆಕ್ಕಿತು. ಉಳಿಯಿತು ಅಂದುಕೊಂಡೆವು. ಶುಕ್ರವಾರ ನಸುಕಿನಲ್ಲಿ ಹೋಯಿತು. ಮಗಳು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ನಾಯಿ ಸಾಕಿ ಮಾರುವವರಿಗೆ ಕಾನೂನು ಇದೆ ಅಂತ ಗೊತ್ತಾಗಿದ್ದು ಇಷ್ಟೆಲ್ಲ ಆದ ಮೇಲೆ. 2017ರ ನಿಯಮಗಳ ಪ್ರಕಾರ ಅವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ನೋಂದಣಿ ಪತ್ರ ತೋರಿಸಿ ಅಂತ ಕೇಳಿ, ಮುಜುಗರ ಬೇಡ. ಮುಧೋಳ ತಳಿಯೇ ಬೇಕು ಅಂದರೆ ಮುಧೋಳ ಹತ್ತಿರದ ತಿಮ್ಮಾಪುರದಲ್ಲಿ ಬೀದರ್ ಪಶುವೈದ್ಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮೊದಲು ಅಲ್ಲಿ ವಿಚಾರಿಸಿ. ಆ ಸೀಮೆಯಲ್ಲಿ ಹಿಂದಿನಿಂದಲೂ ಚೆನ್ನಾಗಿ ಸಾಕುತ್ತಾ ಬಂದ ಮನೆಗಳೂ ಇವೆ. ಎಲ್ಲಿ ಹೋದರೂ ತಾಯಿ ಇರುವ ಜಾಗಕ್ಕೇ ಹೋಗಿ. ಮರಿ ಅದರ ಹತ್ತಿರ ಓಡಿ ಹೋಗಿ ಹಾಲು ಹುಡುಕುತ್ತದಾ, ಮಲಗುವ ಜಾಗ ಹೇಗಿದೆ, ಉಳಿದ ಮರಿಗಳು ಹೇಗಿವೆ, ಎಲ್ಲ ಕಣ್ಣಾರೆ ನೋಡಿ. ಹೆಣ್ಣು ನೋಡಲು ಹೋದಾಗ ಮನೆತನ ವಿಚಾರಿಸುವ ನಾವು ಇಲ್ಲಿ ಯಾಕೆ ಸುಮ್ನಾಗುತ್ತೇವೋ!

ಮಾರಿದವನಿಗೆ ಸಾವಿನ ಸುದ್ದಿ ಹೇಳಿದೆ. ಬೈಯಬೇಕು ಅಂತಲೇ ಫೋನ್ ಮಾಡಿದ್ದೆ. "ಭಾಳ ಕೆಟ್ಟದಾತ್ರಿ. ಇನ್ನೊಂದು ಮರಿ ಐತಿ, ನಿಮಗಂತ ಅರ್ಧ ರೇಟಿಗೆ ಕೊಡ್ತೀನಿ" ಅಂದ. ಮಗಳ ಮುಖ ನೋಡಿ ಒಂದು ಕ್ಷಣ ಹೂಂ ಅನ್ನುವವನಿದ್ದೆ. ತಂದಿದ್ದರೆ ಅದೂ ಸಾಯುತ್ತಿತ್ತೋ ಏನೋ. ಈ ವೈರಸ್ ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷದವರೆಗೂ ಉಳಿಯುತ್ತದೆ. ಫಿನೈಲ್ ಹಾಕಿ ಒರೆಸಿದರೆ ಸಾಯುತ್ತದೆ ಅಂತ ನಂಬಬೇಡಿ. ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ತೊಳೆದ ನೆಲದ ಮೇಲೆ ಹತ್ತು ನಿಮಿಷ ಒದ್ದೆ ಬಿಟ್ಟೆವು. ಬಟ್ಟಲು, ಹಾಸಿಗೆ ಎಸೆದೆವು. ಮಣ್ಣಿಗೆ ಮಾತ್ರ ಬಿಸಿಲೇ ಗತಿ. ಮನುಷ್ಯರಿಗೆ ಇದು ಹತ್ತುವುದಿಲ್ಲ, ಆದರೆ ನಮ್ಮ ಚಪ್ಪಲಿಯಲ್ಲಿ ಪಕ್ಕದ ಮನೆಗೆ ಹೋಗುತ್ತದೆ. ಓಣಿಯಲ್ಲಿ ನಾಯಿ ಇರುವ ಎಲ್ಲರಿಗೂ ಹೇಳಿ ಬಂದೆ.

ಅವನ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ. ಮೊನ್ನೆ ಸ್ಟೇಟಸ್‌ಗೆ ವಿಡಿಯೊ ಹಾಕಿದ್ದ. ಸಗಣಿ ಸಾರಿಸಿದ ಅಂಗಳ, ಕಂದು ಬಣ್ಣದ ಮರಿ, ಮುಂದಿನ ಎಡಗಾಲಿನ ಬೆರಳು ಬೆಳ್ಳಗೆ. ಕೆಳಗೆ, "50 ದಿನದ ಮರಿ, ಎರಡು ಲಸಿಕೆ ಆಗಿವೆ."