ಪೂಕ್ಕೊ ಕಿಟ್: ಅಲಗಿಗೆ ಪೂರ್ತಿ ಅಂಕ, ಒರೆಗೆ ಅರ್ಧ

ಫಿನ್‌ಲೆಂಡಿನ ಸಾಂಪ್ರದಾಯಿಕ ಚೂರಿ ಪೂಕ್ಕೊವನ್ನು ಮನೆಯಲ್ಲೇ ಕೂತು ಮಾಡಿಕೊಳ್ಳಬಹುದಾದ ಕಿಟ್ ಇದು. ಪೆಟ್ಟಿಗೆಯಲ್ಲಿ 95 ಮಿ.ಮೀ. ಉದ್ದದ ಕಾರ್ಬನ್ ಸ್ಟೀಲ್ ಅಲಗು, ಸುರುಳಿ ನಾರಿನ ಬರ್ಚ್ ಮರದ ತುಂಡು, ಹಿಡಿಯ ಎರಡು ತುದಿಗೂ ಹಿತ್ತಾಳೆ ಬಿಲ್ಲೆ, 2 ಮಿ.ಮೀ.ಗಿಂತ ತುಸು ದಪ್ಪದ ಚರ್ಮ, ಮೇಣ ಹಚ್ಚಿದ ನಾರಿನ ದಾರ ಮತ್ತು ಒರೆಯೊಳಗೆ ಕೂರಿಸಲು ಒಂದು ಪ್ಲಾಸ್ಟಿಕ್ ಕೊಳವೆ ಇವೆ. ಎಪಾಕ್ಸಿ ಅಂಟು ಇಲ್ಲ, ಬೇರೆ ತರಿಸಿಕೊಳ್ಳಬೇಕು.

ಅಲಗಿನ ಬಗ್ಗೆ ದೂರೇ ಇಲ್ಲ. ಉಕ್ಕು 80ಸಿಆರ್‌ವಿ2, ಅಂದರೆ ತುಸು ಕ್ರೋಮಿಯಂ, ವನಾಡಿಯಂ ಬೆರೆತ ಕಾರ್ಬನ್ ಉಕ್ಕು. ಬಾಯಿ (ಕತ್ತರಿಸುವ ಅಂಚು) ಗಟ್ಟಿ, ಬಾಲ (ಹಿಡಿಯೊಳಗೆ ಹೋಗುವ ಹಿಂಭಾಗ) ಮೆತ್ತಗೆ. ಬಾಲದ ಮೇಲೆ ಅರ ಆಡಿಸಿದರೆ ಜಾರದೆ ಕಚ್ಚುತ್ತದೆ. ಕೊನೆಯಲ್ಲಿ ಬಾಲದ ತುದಿಯನ್ನು ಬಡಿದು ರಿವೆಟ್ ಮಾಡಬೇಕಾಗಿರುವುದರಿಂದ ಈ ಮೆತುತನ ಬೇಕೇ ಬೇಕು. ಗಟ್ಟಿ ಬಾಲವಾದರೆ ಸುತ್ತಿಗೆ ಏಟಿಗೆ ಸೀಳುತ್ತದೆ.

ಮೊದಲ ತೊಡಕು ಮುಂದಿನ ಹಿತ್ತಾಳೆ ಬಿಲ್ಲೆಯದು. ಅದರ ಸೀಳು ಅಗತ್ಯಕ್ಕಿಂತ ಅಗಲ. ಅಲಗು ತೂರಿಸಿ ಬೆಳಕಿಗೆ ಹಿಡಿದರೆ ಎರಡು ಬದಿಯಲ್ಲೂ ಕೂದಲೆಳೆಯಷ್ಟು ಸಂದು ಕಾಣುತ್ತದೆ. ಸೀಳು ಬಿಗಿಯಾಗಿದ್ದಿದ್ದರೆ ಸೂಜಿ ಅರದಿಂದ ಹಿಂಬದಿಯನ್ನಷ್ಟೇ ಉಜ್ಜಿ, ಮುಂಬದಿಯನ್ನು ಅಲಗಿಗೆ ಅಪ್ಪಿ ಕೂರಿಸಬಹುದಿತ್ತು. ಹೆಚ್ಚು ಕೊರೆದದ್ದನ್ನು ಮತ್ತೆ ತುಂಬಲಾಗದು. ಸಂದಿನಲ್ಲಿ ನೀರು ಇಳಿದರೆ ಹಿಡಿಯೊಳಗೇ ತುಕ್ಕು ಶುರುವಾಗುತ್ತದೆ, ಹೊರಗೆ ಗೊತ್ತೂ ಆಗುವುದಿಲ್ಲ. ಕಡಿಮೆ ಶಾಖಕ್ಕೆ ಕರಗುವ ಬೆಸುಗೆಯನ್ನು ಹಿಂಬದಿಯಿಂದ ಹರಿಸುವುದು ಒಂದು ಪರಿಹಾರ. ಆಗ ಅಲಗನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿರಬೇಕು. ಬಾಯಿಗೆ ಕಾವು ಹತ್ತಿದರೆ ಉಕ್ಕಿನ ಹದ ಹೋಗುತ್ತದೆ. ಇದಕ್ಕಿಂತ ಸೀಳಿಲ್ಲದ ಬಿಲ್ಲೆ ಕೊಂಡು ನೀವೇ ಕೊರೆಯುವುದು ಮೇಲು.

ಮರ ಚೆನ್ನಾಗಿ ಒಣಗಿದೆ, ಒಳಗಿನ ಕಂದು ಗೆರೆಗಳು ನಿಜಕ್ಕೂ ಕಣ್ಣು ತುಂಬುತ್ತವೆ. ಆದರೆ ನಾರು ತಿರುಚಿಕೊಂಡಿರುವುದರಿಂದ ಡ್ರಿಲ್ ಅಡ್ಡದಾರಿ ಹಿಡಿಯುತ್ತದೆ. ಒಂದೇ ಕಡೆಯಿಂದ ಕೊರೆಯಬೇಡಿ. ಎರಡು ತುದಿಯಿಂದಲೂ ಅರ್ಧರ್ಧ ಬನ್ನಿ. ಬಾಲದ ಅಗಲಕ್ಕೆ ಪಕ್ಕಪಕ್ಕದಲ್ಲಿ ತೂತು ಹಾಕಿ ನಡುವಿನದನ್ನು ಅರದಿಂದ ಬಿಡಿಸಿ. ಅಂಟಿಸುವ ಮುನ್ನ ಬಾಲವನ್ನು ಅಸಿಟೋನ್‌ನಲ್ಲಿ ಒರೆಸಿ, ತೂತಿಗೆ ನಿಧಾನ ಗಟ್ಟಿಯಾಗುವ ಎಪಾಕ್ಸಿ ಸುರಿದು, ಗಾಳಿ ಹೊರಬರುವಂತೆ ಬಾಲವನ್ನು ಎರಡು ಮೂರು ಸಲ ಮೇಲೆ ಕೆಳಗೆ ಆಡಿಸಿ. ಐದು ನಿಮಿಷದ ಅಂಟಿನಲ್ಲಿ ಇದಕ್ಕೆಲ್ಲ ಸಮಯವೇ ಸಿಗುವುದಿಲ್ಲ. ಹಿಂದಿನ ಬಿಲ್ಲೆಯಿಂದ ಬಾಲ 2 ಮಿ.ಮೀ. ಹೊರಗಿದ್ದರೆ ಸಾಕು, ಸಣ್ಣ ಸಣ್ಣ ಏಟಿನಲ್ಲಿ ಅಂಚು ಹರಡಿಸಿ.

ಉಜ್ಜುವ ಹಂತದ ಬಗ್ಗೆ ಕಿಟ್‌ನ ಸೂಚನಾ ಹಾಳೆ ಒಂದೇ ಸಾಲು ಹೇಳುತ್ತದೆ. ಹೆಚ್ಚಿನವರ ಹಿಡಿ ಕೆಡುವುದು ಇಲ್ಲೇ. ಹಿತ್ತಾಳೆಗಿಂತ ಮರ ಬೇಗ ಸವೆಯುತ್ತದೆ. ಬರಿ ಬೆರಳಿನಿಂದ ಉಜ್ಜಿದರೆ ಸೇರುವೆಯಲ್ಲಿ ಮೆಟ್ಟಿಲು ಮೂಡುತ್ತದೆ. ಸ್ಯಾಂಡ್‌ಪೇಪರನ್ನು ಗಟ್ಟಿ ಮರದ ಪಟ್ಟಿಗೆ ಸುತ್ತಿಕೊಳ್ಳಿ. ಇನ್ನೊಂದು ಕಾಟ ಹಿತ್ತಾಳೆಯ ಪುಡಿ: ಬಿಳಿ ಬರ್ಚ್‌ನ ನಾರಿನೊಳಗೆ ಹೊಕ್ಕು ಬೂದು ಕಲೆ ಬಿಡುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ಹೋಗುವುದಿಲ್ಲ. 180 ನಂಬರಿನ ಸ್ಯಾಂಡ್‌ಪೇಪರಿಗೆ (ನಂಬರ್ ಹೆಚ್ಚಿದಷ್ಟೂ ನಯ) ಬಂದ ಕೂಡಲೇ ಮರಕ್ಕೆ ತೆಳುವಾಗಿ ಶೆಲಾಕ್ (ಅರಗಿನ ವಾರ್ನಿಷ್) ಬಳಿದು, ನಂತರ ಮರದಿಂದ ಹಿತ್ತಾಳೆಯ ಕಡೆಗೇ ಕೈ ಓಡಿಸಿ. 240ರ ನಂತರ ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ನಾರನ್ನು ಒಣಗಿಸಿ 400ರಲ್ಲಿ ಕತ್ತರಿಸಿ. ಉಳಿದ ಶೆಲಾಕ್ ಪದರವೂ ಇಲ್ಲೇ ಹೋಗಬೇಕು, ಇಲ್ಲದಿದ್ದರೆ ಎಣ್ಣೆ ಒಳಗಿಳಿಯದು. ಬೇಯಿಸಿದ ಅಗಸೆ ಎಣ್ಣೆಯನ್ನು ತೆಳುವಾಗಿ ಮೂರ್ನಾಲ್ಕು ಸಲ, ದಿನಕ್ಕೊಂದರಂತೆ ಹಚ್ಚಿ, ಇಪ್ಪತ್ತು ನಿಮಿಷಕ್ಕೆ ಹೆಚ್ಚಾದದ್ದನ್ನು ಒರೆಸಿಬಿಡಿ. ಎಣ್ಣೆ ಬಟ್ಟೆಯನ್ನು ಉಂಡೆ ಮಾಡಿ ಬಿಸಾಡಬೇಡಿ, ತಾನಾಗಿ ಕಾದು ಬೆಂಕಿ ಹತ್ತುವುದುಂಟು, ನೀರಿನಲ್ಲಿ ನೆನೆಸಿಡಿ.

ಈಗ ಒರೆ. ಪೂಕ್ಕೊಗೆ ಬೆರಳು ತಡೆಯುವ ಅಡ್ಡಗಾವಲಿಲ್ಲ, ಒರೆಗೆ ಗುಂಡಿ ಪಟ್ಟಿಯೂ ಇಲ್ಲ. ಹಿಡಿಯ ಅರ್ಧಕ್ಕೂ ಹೆಚ್ಚು ಭಾಗ ಚರ್ಮದೊಳಗೆ ಕೂತು, ಚರ್ಮದ ಬಿಗಿತವೇ ಚೂರಿಯನ್ನು ಹಿಡಿಯಬೇಕು. ಕಿಟ್‌ನಲ್ಲಿ ಬಂದ ಚರ್ಮ ತೊಗಟೆಯಿಂದ ಹದ ಮಾಡಿದ್ದು, ದಪ್ಪ ಎಲ್ಲ ಕಡೆ ಒಂದೇ, ಅದು ಒಳ್ಳೆಯದೇ. ಆದರೆ ತುಂಡು ಚಿಕ್ಕದು, ಒಂದು ಸಲ ತಪ್ಪಿದರೆ ಮತ್ತೆ ಕತ್ತರಿಸಲು ಉಳಿಯುವುದಿಲ್ಲ. ಮೊದಲು ಕಾಗದದಲ್ಲಿ ಮಾದರಿ ಮಾಡಿ, ಹಿಂಭಾಗದ ನಡುವೆ ಎರಡು ಅಂಚಿಗೆ 2–3 ಮಿ.ಮೀ. ಅಂತರ ಇರುವಂತೆ ಕತ್ತರಿಸಿ. ಒದ್ದೆ ಚರ್ಮ ಹಿಗ್ಗಿ ಆ ಅಂತರ ಮುಚ್ಚುತ್ತದೆ. ಅಂತರವೇ ಬಿಡದಿದ್ದರೆ ಒರೆ ಸಡಿಲವಾಗಿ ಚೂರಿ ಜಾರಿ ಬೀಳುತ್ತದೆ.

ಚರ್ಮವನ್ನು ಉಗುರುಬೆಚ್ಚಗಿನ ನೀರಿನಲ್ಲಿ ಗುಳ್ಳೆ ನಿಲ್ಲುವವರೆಗೆ ನೆನೆಸಿ. ಚೂರಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಲೇಬೇಕು. ಒದ್ದೆ ಚರ್ಮದ ಟ್ಯಾನಿನ್ (ಹದ ಮಾಡಿದ ತೊಗಟೆಯ ಒಗರು ಅಂಶ) ಉಕ್ಕಿಗೆ ತಾಗಿದರೆ ಚರ್ಮದ ಮೇಲೆ ಕಪ್ಪು ಕಲೆ, ಅಲಗಿನ ಮೇಲೆ ತುಕ್ಕು. ಅಂಚಿನಿಂದ 4 ಮಿ.ಮೀ. ಒಳಗೆ, 5 ಮಿ.ಮೀ.ಗೊಂದರಂತೆ ದಬ್ಬಣದಿಂದ ತೂತು ಮಾಡಿ, ದಾರದ ಎರಡು ತುದಿಗೆ ಎರಡು ಸೂಜಿ ಹಾಕಿ ಹೊಲಿಯಿರಿ. ಹೊಲಿದ ಮೇಲೆ ಮುಂದಿನ ಹಿತ್ತಾಳೆಯ ಕೆಳಗೆ ನಯವಾದ ಮೂಳೆಯಿಂದ ಚರ್ಮವನ್ನು ಒತ್ತಿ ತಗ್ಗು ಮಾಡಿ. ಒಣಗಿದಾಗ ಚೂರಿ ‘ಟಕ್’ ಎಂದು ಕೂರುವುದು ಈ ತಗ್ಗಿನಿಂದಲೇ. ಹೀಟರ್ ಹತ್ತಿರ ಇಡಬೇಡಿ. ಚರ್ಮ ಸೆಟೆದು ಬಿರುಕು ಬಿಡುತ್ತದೆ. ಎರಡು ದಿನ ನೆರಳಲ್ಲಿ ಒಣಗಲಿ.

ಆ ಪ್ಲಾಸ್ಟಿಕ್ ಕೊಳವೆಯನ್ನು ಮಾತ್ರ ಪಕ್ಕಕ್ಕಿಡಿ. ಒಳಗೆ ಸೇರಿದ ತೇವ ಹೊರಹೋಗದೆ ಅಲ್ಲೇ ನಿಂತು ಕಾರ್ಬನ್ ಅಲಗನ್ನು ತಿನ್ನುತ್ತದೆ. ಹಳೆಯ ಪದ್ಧತಿಯಂತೆ ಎರಡು ತೆಳು ಮರದ ಪಟ್ಟಿಗಳನ್ನು ಅಲಗಿನ ಆಕಾರಕ್ಕೆ ಒಳಗೆ ಕೆತ್ತಿ ಅಂಟಿಸಿದರೆ ಮುಗಿಯಿತು. ಕೆತ್ತನೆ ಅಲಗಿಗಿಂತ ತುಸುವೇ ದೊಡ್ಡದಿರಲಿ, ಬಾಯಿ ಎಲ್ಲಿಯೂ ಮರಕ್ಕೆ ಉಜ್ಜಬಾರದು.

ಅರ, ಡ್ರಿಲ್ ಹಿಡಿದು ರೂಢಿ ಇದ್ದವರು ಈ ಅಲಗು ಮತ್ತು ಮರಕ್ಕಾಗಿಯೇ ಕಿಟ್ ಕೊಳ್ಳಬಹುದು. ಹೊಸಬರು ಸೀಳಿಲ್ಲದ ಹಿತ್ತಾಳೆ ಬಿಲ್ಲೆ ಮತ್ತು ಇನ್ನೊಂದು ತುಂಡು ಚರ್ಮವನ್ನು ಜೊತೆಗೇ ಆರ್ಡರ್ ಮಾಡಿ.