ಪಾವು, ಕಪ್, ತಕ್ಕಡಿ, ಆ್ಯಪ್: ನಾಲ್ಕರಲ್ಲೂ ಅಳೆದು ನೋಡಿದೆ

ಚಿತ್ರದುರ್ಗದಿಂದ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ನೀವು ಹೇಳಿದ ಅಳತೇಲೇ ಹಾಕಿದೆ, 2 ಕಪ್ ಮೈದಾ. ಆದ್ರೂ ಬೆಣ್ಣೆ ಬಿಸ್ಕತ್ತು ಗಟ್ಟಿಯಾಗಿ ಬಿರುಕು ಬಿಟ್ಟಿದೆ." ಅವಳ ಕಪ್ಪೂ ನನ್ನ ಕಪ್ಪೂ ಒಂದೇ, 240 ಮಿ.ಲೀ. ಮತ್ತೆ ತಪ್ಪಿದ್ದೆಲ್ಲಿ? ಆ ಭಾನುವಾರ ಇಲ್ಲಿ ದಾವಣಗೆರೆಯಲ್ಲಿ ನಮ್ಮ ಅಡುಗೆಮನೆ ಕಟ್ಟೆ ಮೇಲೆ ಅತ್ತೆಯ ಹಿತ್ತಾಳೆ ಪಾವು, ಕಪ್ ಸೆಟ್, ಡಿಜಿಟಲ್ ತಕ್ಕಡಿ ಮೂರನ್ನೂ ಇಟ್ಟುಕೊಂಡು, ಮೊಬೈಲಿನಲ್ಲಿ ಅಳತೆ ಲೆಕ್ಕದ ಆ್ಯಪ್ ತೆಗೆದು ಕೂತೆ.

ಮೊದಲು ಮೈದಾ. ಕಪ್ಪನ್ನು ಸೀದಾ ಡಬ್ಬಿಗೆ ಅದ್ದಿ ತೆಗೆದು, ಮೇಲೆ ಚಾಕುವಿನಿಂದ ಸವರಿ ತೂಗಿದೆ: 147 ಗ್ರಾಂ. ಅದೇ ಕಪ್ಪಿಗೆ ಚಮಚದಿಂದ ಸಡಿಲವಾಗಿ ತುಂಬಿ ಸವರಿದರೆ 122. ಮೈದಾ ಅದೇ, ಕಪ್ ಅದೇ, ನೋಡಿ. 2 ಕಪ್ಪಿಗೆ 50 ಗ್ರಾಂ ವ್ಯತ್ಯಾಸ ಬಂತು. ನಾನು ಚಮಚದಲ್ಲಿ ತುಂಬುತ್ತೇನೆ, ನಾದಿನಿ ಅದ್ದಿ ತೆಗೆಯುತ್ತಾಳೆ. ಬಿಸ್ಕತ್ತು ಗಟ್ಟಿಯಾಗದೆ ಇನ್ನೇನಾಗುತ್ತೆ! ಹಿಟ್ಟಿನ ವಿಷಯದಲ್ಲಿ ಇನ್ನು ಮೇಲೆ ನಾನು ಕಪ್ ನಂಬುವುದಿಲ್ಲ.

ಬೆಣ್ಣೆಗೂ ತಕ್ಕಡಿಯೇ. ಗಟ್ಟಿ ಬೆಣ್ಣೆಯನ್ನು ಕಪ್ಪಿಗೆ ಎಷ್ಟು ಒತ್ತಿದರೂ ತಳದಲ್ಲಿ ಗಾಳಿ ಉಳಿಯುತ್ತೆ, ಆಮೇಲೆ ಅರ್ಧ ಬೆಣ್ಣೆ ಕಪ್ಪಿಗೇ ಅಂಟಿಕೊಂಡಿರುತ್ತೆ. ಪಾತ್ರೆಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ಬೆಣ್ಣೆ ಹಾಕುತ್ತಾ ಹೋದರೆ ತೊಳೆಯೋ ಕೆಲಸವೂ ಕಮ್ಮಿ.

ಆ್ಯಪ್ ಬಗ್ಗೆ ನನಗೆ ನಿಜಕ್ಕೂ ಬೇಜಾರಾಯಿತು. 1 ಕಪ್ ಎಷ್ಟು ಗ್ರಾಂ ಅಂತ ಕೇಳಿದರೆ 240 ಅಂತು. ಅದು ನೀರಿನ ತೂಕ. ನಮ್ಮೂರ ಮಂಡಕ್ಕಿ ಅದೇ ಕಪ್ಪಿನಲ್ಲಿ ತೂಗಿದರೆ ಬರೀ 16 ಗ್ರಾಂ! ಬೆಣ್ಣೆ ದೋಸೆ ಹಿಟ್ಟಿಗೆ 2 ಕಪ್ ಮಂಡಕ್ಕಿ ಬೇಕು ಅಂತ ಆ್ಯಪ್ ಮಾತು ಕೇಳಿ 480 ಗ್ರಾಂ ನೆನೆಸಿದರೆ ದೊಡ್ಡ ಬಕೆಟ್ಟೇ ಬೇಕು. ಪದಾರ್ಥದ ಹೆಸರು ಕೇಳದೆ ಲೆಕ್ಕ ಕೊಡುವ ಆ್ಯಪನ್ನು ದಯವಿಟ್ಟು ಬಳಸಬೇಡಿ. ಹೆಸರು ಕೇಳುವಂಥದ್ದು ಸಕ್ಕರೆಗೆ 200 ಅಂತ ಸರಿಯಾಗೇ ಹೇಳಿತು. ಎಣ್ಣೆಗೆ ಆ್ಯಪ್ ಬೇಕಾಗೇ ಇಲ್ಲ, 1 ಲೀಟರ್ ಪ್ಯಾಕೆಟ್ ಮೇಲೆ ಸುಮಾರು 910 ಗ್ರಾಂ ಅಂತ ಅಚ್ಚಾಗಿರುತ್ತೆ.

ಹಾಗಂತ ಪಾವನ್ನು ಅಟ್ಟಕ್ಕೆ ಹಾಕುವ ಮಾತೇ ಇಲ್ಲ. ದೋಸೆಗೆ 3 ಪಾವು ಅಕ್ಕಿ, ಮುಕ್ಕಾಲು ಪಾವು ಉದ್ದಿನಬೇಳೆ, 2 ಪಾವು ಮಂಡಕ್ಕಿ, ಸ್ವಲ್ಪ ಮೆಂತ್ಯ. ಎಲ್ಲಾ ಒಂದೇ ಪಾವಿನಲ್ಲಿ ಅಳೆದರೆ ಪಾವು ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಪ್ರಮಾಣ ಕೆಡುವುದಿಲ್ಲ. ನಮ್ಮ ಅತ್ತೆಗೆ ಇದು ಮೊದಲಿಂದ ಗೊತ್ತಿತ್ತು, ನನಗೆ ಈಗ ಅರ್ಥವಾಯಿತು. ತೊಂದರೆ ಬರುವುದು ಅಳತೆ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಾಗ. ನಮ್ಮ ಪಾವಿಗೆ ಅಂಚಿನ ತನಕ ನೀರು ತುಂಬಿ ತೂಗಿದರೆ 230 ಗ್ರಾಂ ಬಂತು, ಅಂದ್ರೆ 230 ಮಿ.ಲೀ. ಪಾವು. ನಾದಿನಿ ಮನೆಯದು 255. ಅದರ ಮೇಲೆ ಅತ್ತೆ ಅಕ್ಕಿಯನ್ನು ಗೋಪುರದ ಹಾಗೆ ತುಂಬುತ್ತಾರೆ, ನಾನು ಕೈಯಿಂದ ಸವರುತ್ತೇನೆ. ಸವರಿದರೆ 192 ಗ್ರಾಂ, ಗೋಪುರವಿದ್ದರೆ 218. ರೈಸ್ ಕುಕ್ಕರ್ ಜೊತೆ ಬರುವ ಕಪ್ಪಂತೂ 180 ಮಿ.ಲೀ. ಮಾತ್ರ, ಅದನ್ನು ಇವುಗಳ ಜೊತೆ ಸೇರಿಸಲೇಬೇಡಿ.

ತಕ್ಕಡಿ ಸೋತಿದ್ದು ಒಂದೇ ಕಡೆ. ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕಿದರೆ ಅಂಕಿ ಅಲುಗಾಡಲೇ ಇಲ್ಲ, ಆಮೇಲೆ ಒಮ್ಮೆಲೇ 2 ತೋರಿಸಿತು. ಅಷ್ಟು ಚಿಕ್ಕ ಅಳತೆಗೆ 5 ಮಿ.ಲೀ. ಚಮಚವೇ ವಾಸಿ. ಉಪ್ಪಿಗೂ ಚಮಚ ನಡೆಯುತ್ತೆ, ಆದರೆ ಪುಡಿ ಉಪ್ಪಿನ ಜಾಗಕ್ಕೆ ಕಲ್ಲುಪ್ಪನ್ನು ಅದೇ ಚಮಚದಲ್ಲಿ ಹಾಕಬೇಡಿ, ಹರಳಿನ ನಡುವೆ ಸಂದಿ ಇರುವುದರಿಂದ ಉಪ್ಪು ಕಮ್ಮಿ ಬೀಳುತ್ತೆ.

ನಾದಿನಿಗೆ ಬಿಸ್ಕತ್ತಿನ ಅಳತೆಯನ್ನು ಮತ್ತೆ ಬರೆದು ಕಳಿಸಿದ್ದೇನೆ: ಮೈದಾ 240 ಗ್ರಾಂ, ಬೆಣ್ಣೆ 150, ಸಕ್ಕರೆ ಪುಡಿ 100. ಸೋಡಾ ಮಾತ್ರ ಕಾಲು ಚಮಚ.