11,500 ರೂಪಾಯಿಯ ಗಿಟಾರು, ಮೂರು ಮಳೆಗಾಲ

ಶಿವಮೊಗ್ಗದ ಅಂಗಡಿಯೊಂದರಲ್ಲಿ 11,500 ರೂಪಾಯಿ ಕೊಟ್ಟು ಕೇಬಲ್ ಮೂಲಕ ಸ್ಪೀಕರಿಗೆ ಜೋಡಿಸಬಹುದಾದ ಈ ಎಲೆಕ್ಟ್ರೋ ಅಕೌಸ್ಟಿಕ್ ಗಿಟಾರನ್ನು ತೀರ್ಥಹಳ್ಳಿಯ ನಮ್ಮ ಮನೆಗೆ ತಂದದ್ದು 2022ರ ಮೇ ತಿಂಗಳಲ್ಲಿ. ಸ್ಪ್ರೂಸ್ ಮರದ ಪದರಗಳನ್ನು ಅಂಟಿಸಿ ಮಾಡಿದ ಮುಂಭಾಗ, ಬದಿಯಲ್ಲಿ ಕೊರೆದು ಕೂರಿಸಿದ, ದನಿಯ ಸಂಕೇತವನ್ನು ಹಿಗ್ಗಿಸುವ ಪ್ರಿಆಂಪ್, ಅದರಲ್ಲೇ ಶ್ರುತಿ ತೋರಿಸುವ ಒಂದು ಟ್ಯೂನರ್. ಈ ಬೆಲೆಗೆ ಸಿಗುವ ಹಲವು ಕಂಪನಿಗಳ ಗಿಟಾರುಗಳ ಕಟ್ಟು ಹೆಚ್ಚುಕಡಿಮೆ ಹೀಗೆಯೇ ಇರುವುದರಿಂದ ಹೆಸರು ಬಿಟ್ಟು ಗುಣದ ಮಾತಾಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಭಾವಗೀತೆ ಹಾಡುವವಳು. ಗಣಪತಿ ಪೆಂಡಾಲು, ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ ಎಂದು ವರ್ಷಕ್ಕೆ ಎಂಟು ಹತ್ತು ಕಾರ್ಯಕ್ರಮ. ಹಳೆಯ ಗಿಟಾರಿನ ಮುಂದೆ ಮೈಕ್ ಇಡುತ್ತಿದ್ದ ಕಾಲದಲ್ಲಿ ತಬಲಾದ ಸದ್ದೆಲ್ಲ ಅದರೊಳಗೇ ನುಗ್ಗುತ್ತಿತ್ತು. ನಾನು ಒಂದು ಗೇಣು ಸರಿದರೆ ಗಿಟಾರು ಕೇಳಿಸುತ್ತಲೇ ಇರಲಿಲ್ಲ. ಈಗ ಮೈಕ್ ಸೆಟ್‌ನವರು ಕೊಡುವ ಕೇಬಲ್ ಸಿಕ್ಕಿಸಿಕೊಂಡು ನಿಶ್ಚಿಂತೆಯಾಗಿ ಹಾಡುತ್ತೇನೆ. ಟ್ರೆಬಲ್ ಗುಂಡಿಯನ್ನು ಅರ್ಧಕ್ಕಿಂತ ಕೆಳಗಿಟ್ಟರೆ ತಂತಿಯ ಚುರುಕು ಸದ್ದು ಕಿವಿಗೆ ಚುಚ್ಚುವುದಿಲ್ಲ.

ಕೇಬಲ್ ಇಲ್ಲದೆ ತೊಡೆಯ ಮೇಲಿಟ್ಟು ನುಡಿಸಿದರೆ ದನಿ ಸಾಧಾರಣ. ದಪ್ಪ ತಂತಿಗಳಿಗೆ ತುಂಬು ಸಾಲದು. ಮನೆಯಲ್ಲಿ ಮಾತ್ರ ನುಡಿಸುವವರು ಪಿಕಪ್ಪಿಗೆ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗಕ್ಕೆ, ದುಡ್ಡು ಹಾಕದೆ, ಇಡಿಯಾದ ಮರದ ಮುಂಭಾಗವಿರುವ ಗಿಟಾರನ್ನು ಹುಡುಕುವುದೇ ಒಳ್ಳೆಯದು.

ನನ್ನನ್ನು ಹೆಚ್ಚು ಕಾಡಿದ್ದು ತಂತಿಗಳ ಎತ್ತರ. ಗಿಟಾರಿನ ನೆಕ್ ಅಂದರೆ ಕತ್ತಿನ ಮೇಲಿರುವ ಲೋಹದ ಅಡ್ಡಪಟ್ಟಿಗಳೇ ಫ್ರೆಟ್ಟುಗಳು; 12ನೆಯ ಫ್ರೆಟ್ಟಿನ ಮೇಲೆ ದಪ್ಪ ತಂತಿ 3.5 ಮಿ.ಮೀ. ಎತ್ತರದಲ್ಲಿತ್ತು. ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿದರೆ ಆ ಬೆರಳು ಉರಿಯುತ್ತಿತ್ತು. ನನ್ನ ಐದು ಮನೆ ಶ್ರುತಿಗಾಗಿ ಮೂರನೆಯ ಫ್ರೆಟ್ಟಿಗೆ, ತಂತಿಗಳನ್ನೆಲ್ಲ ಒತ್ತಿಹಿಡಿಯುವ ಕ್ಲಿಪ್ಪಾದ ಕ್ಯಾಪೊ ಹಾಕಿ ಇ ಕಾರ್ಡ್ ಹಿಡಿದರೆ ಸ್ವರಗಳು ಒಂದು ಕೂದಲೆಳೆ ಮೇಲೇರುತ್ತಿದ್ದವು. ಎತ್ತರ ಇಳಿಸಲು, ಗಿಟಾರಿನ ಮೈಮೇಲೆ ತಂತಿಗಳು ಒರಗುವ ಸಣ್ಣ ಪಟ್ಟಿಯಾದ ಸ್ಯಾಡಲ್ ತೆಗೆದು ಅದರ ತಳವನ್ನು ಉಜ್ಜಬೇಕು. 12ನೆಯ ಫ್ರೆಟ್ ತಂತಿಯ ಉದ್ದದ ನಟ್ಟನಡುವೆ ಇರುವುದರಿಂದ ಅಲ್ಲಿ 1 ಮಿ.ಮೀ. ಇಳಿಯಲು ಸ್ಯಾಡಲ್ 2 ಮಿ.ಮೀ. ಸವೆಯಬೇಕು, ಹತ್ತನೆಯ ತರಗತಿಗೆ ಸಮರೂಪ ತ್ರಿಭುಜವನ್ನು ಈಗ ಇದನ್ನೇ ತೋರಿಸಿ ಹೇಳುತ್ತೇನೆ.

ಉಜ್ಜಿದ ಮೇಲೆ ಬೆರಳಿಗೆ ಹಿತವಾಯಿತು, ಆದರೆ ಧ್ವನಿವರ್ಧಕದಲ್ಲಿ ಮೂರನೆಯ ತಂತಿ ಸತ್ತೇಹೋಗಿತ್ತು. ಬರಿಗಿವಿಗೆ ಚೆನ್ನಾಗಿಯೇ ಕೇಳುತ್ತದೆ, ಕೇಬಲ್ ಸಿಕ್ಕಿಸಿದರೆ ಮಾತ್ರ ಮಂಕು. ಸ್ಯಾಡಲ್ಲಿನ ಅಡಿಯಲ್ಲಿ ಮಲಗಿರುವ ಪೀಜೋ ಪಟ್ಟಿ ತನ್ನ ಮೇಲೆ ಬೀಳುವ ಒತ್ತಡವನ್ನು ವಿದ್ಯುತ್ತಾಗಿ ಬದಲಿಸುತ್ತದೆ; ತಳ ಎಲ್ಲಿ ತಾಗುವುದಿಲ್ಲವೋ ಆ ತಂತಿಗೆ ದನಿಯಿಲ್ಲ. ಸ್ಯಾಡಲ್ಲಿನ ತಳಕ್ಕೆ ಪೆನ್ಸಿಲ್ ಬಳಿದು, ಕನ್ನಡಿಯ ಮೇಲೆ ಉಪ್ಪುಕಾಗದ ಹಾಸಿ, ಎರಡೇ ಎರಡು ಸಲ ಎಳೆದೆ. ಎಲ್ಲೆಡೆ ಬಿಳಿಯಾಯಿತು, ನಡುವೆ ಅಕ್ಕಿಕಾಳಿನಷ್ಟು ಜಾಗದಲ್ಲಿ ಮಾತ್ರ ಕಪ್ಪು ಉಳಿಯಿತು. ತಗ್ಗು ಅಲ್ಲೇ ಇತ್ತು. ಆ ಕಪ್ಪು ಅಳಿಯುವವರೆಗೆ ಮೆಲ್ಲಗೆ ಉಜ್ಜಿ ಕೂರಿಸಿದಾಗ ಮೂರನೆಯ ತಂತಿ ಉಳಿದವುಗಳ ಸಮಕ್ಕೆ ನುಡಿಯಿತು. ಆ ಸಂಜೆ ಎಷ್ಟು ಹೊತ್ತು ನುಡಿಸಿದೆನೋ, ಊಟದ ನೆನಪೂ ಆಗಲಿಲ್ಲ.

ಬ್ಯಾಟರಿ 9 ವೋಲ್ಟಿನದು. ಕೇಬಲ್ ಸಿಕ್ಕಿಸಿದೊಡನೆ ಪ್ರಿಆಂಪ್ ತಾನೇ ಚಾಲೂ ಆಗುತ್ತದೆ, ಬೇರೆ ಗುಂಡಿ ಇಲ್ಲ. ಕಾರ್ಯಕ್ರಮ ಮುಗಿದೊಡನೆ ಕೇಬಲ್ ಕೀಳಲೇಬೇಕು, ಇಲ್ಲದಿದ್ದರೆ ಬ್ಯಾಟರಿ ಸುಮ್ಮನೆ ಖರ್ಚಾಗುತ್ತದೆ.

ಇನ್ನು ನಮ್ಮ ಮಳೆ. ಆರಿದ್ರಾ ಹಿಡಿದರೆ ತಂತಿಗಳಿಗೆ ತುಕ್ಕು, ಚೀಲಕ್ಕೆ ಬೂಷ್ಟು. ತೇವ ಕುಡಿದ ಮರ ಉಬ್ಬಿ ತಂತಿಗಳು ಮತ್ತೆ ತುಸು ಮೇಲೇಳುತ್ತವೆ, ಬೇಸಿಗೆಯಲ್ಲಿ ಇಳಿಯುತ್ತವೆ. ಮೂರು ಮಳೆಗಾಲ ಕಳೆದರೂ ಅಂಟು ಎಲ್ಲೂ ಬಿಟ್ಟಿಲ್ಲ, ನೆಕ್ ಡೊಂಕಾಗಿಲ್ಲ. ಪದರದ ಹಲಗೆ ಇಡಿಯ ಮರದಷ್ಟು ಚೆನ್ನಾಗಿ ಹಾಡುವುದಿಲ್ಲ ನಿಜ, ಆದರೆ ತೇವಕ್ಕೆ ಅದರಷ್ಟು ಬೇಗ ಮಣಿಯುವುದೂ ಇಲ್ಲ. ಮಲೆನಾಡಿನವಳಾದ ನನಗೆ ಇದು ದೊಡ್ಡ ಮಾತು.

ವೇದಿಕೆ ಹತ್ತುವವರು ಧೈರ್ಯವಾಗಿ ಕೊಳ್ಳಬಹುದು. ಅಂಗಡಿಯಲ್ಲೇ ಕೇಬಲ್ ಹಾಕಿಸಿ, ಆರೂ ತಂತಿಗಳನ್ನು ಒಂದೊಂದಾಗಿ ಮೀಟಿ, ಸ್ಪೀಕರಿನಲ್ಲಿ ಕೇಳಿದ ಮೇಲೆಯೇ ದುಡ್ಡು ಕೊಡಿ.